ಡ್ರಮ್ಮರನ ತಲೆಯೊಳಗಿನ ರ‍್ಯಾಪರ್



ಬ್ರಿಟನ್ನಿನ ಗೊರಿಲ್ಲಾಸ್ ತಂಡದ ‘ಕ್ಲಿಂಟ್ ಈಸ್ಟ್‌ವುಡ್’ ಎಂಬ ಹಾಡು 2001ರ ಮಾರ್ಚ್ 5ರಂದು ಬಿಡುಗಡೆಯಾಯಿತು. ಆ ಹಾಡಿನ ಉದ್ದಕ್ಕೂ ಕಾಲೆಳೆದುಕೊಂಡು ನಡೆಯುವಂಥ ಒಂದು ತಾಳವಿದೆ. ಅದನ್ನು ಕೇಳಿದವರೆಲ್ಲ ಯಾರೋ ನುರಿತ ಡ್ರಮ್ಮರ್ ಕೂತು ಬಾರಿಸಿದ್ದಾನೆ, ಇಲ್ಲವೇ ಹಳೆಯ ರೆಕಾರ್ಡೊಂದರಿಂದ ಎತ್ತಿ ತಂದಿದ್ದಾರೆ ಎಂದುಕೊಂಡಿದ್ದರು. ಎರಡೂ ಅಲ್ಲ. ಹಾಡು ಕಟ್ಟಿದ ಡೇಮನ್ ಆಲ್ಬರ್ನ್ 2023ರ ಸಂದರ್ಶನವೊಂದರಲ್ಲಿ ತನ್ನ ಹಳೆಯ ಓಮ್ನಿಕಾರ್ಡನ್ನು ಮುಂದಿಟ್ಟುಕೊಂಡು, ‘ರಾಕ್ 1’ ಎಂದು ಬರೆದಿದ್ದ ಸಿದ್ಧ ತಾಳವನ್ನು ಚಾಲೂ ಮಾಡಿದ. ಇಡೀ ಹಾಡು ಅಲ್ಲೇ ಕೂತಿತ್ತು. ಸಂದರ್ಶಕ ನಗುತ್ತ ತಲೆ ಹಿಡಿದುಕೊಳ್ಳುವುದೊಂದೇ ಬಾಕಿ.

ಓಮ್ನಿಕಾರ್ಡ್ ಎಂದರೆ ಜಪಾನಿನ ಸುಜುಕಿ ವಾದ್ಯ ಕಂಪನಿ 1981ರಲ್ಲಿ ಹೊರತಂದ ಎಲೆಕ್ಟ್ರಾನಿಕ್ ವಾದ್ಯ. ಕಾರು ಮಾಡುವ ಸುಜುಕಿ ಬೇರೆ, ಇದು ಬೇರೆ. ಸಂಗೀತ ಕಲಿಯದವರೂ ಗುಂಡಿ ಒತ್ತಿ, ಪಕ್ಕದ ಪಟ್ಟಿಯ ಮೇಲೆ ಬೆರಳಾಡಿಸಿ ಹಾಡಿಗೆ ಸಾಥ್ ಕೊಡಬಹುದು ಎಂಬುದು ಅದರ ಆಸೆ. ದೊಡ್ಡ ಸಂಗೀತಗಾರರು ಅದನ್ನು ಆಟಿಕೆಯ ಸಾಲಿಗೆ ಸೇರಿಸಿಬಿಟ್ಟಿದ್ದರು. ಇಂಥ ಆಟಿಕೆಯಿಂದ ಹಾಡು ಹುಟ್ಟಿದ್ದು ಇದೇ ಮೊದಲೇನಲ್ಲ. 1985ರಲ್ಲಿ ಜಮೈಕಾದ ವೇಯ್ನ್ ಸ್ಮಿತ್ ಮತ್ತು ನಿರ್ಮಾಪಕ ಕಿಂಗ್ ಜಾಮಿ ಸೇರಿ ‘ಸ್ಲೆಂಗ್ ಟೆಂಗ್’ ಮಾಡಿದಾಗ ಅದರ ಅಡಿಪಾಯವೂ ಕ್ಯಾಸಿಯೊ ಕೀಬೋರ್ಡಿನ ಒಂದು ಸಿದ್ಧ ತಾಳವೇ. ಅದನ್ನು ರೂಪಿಸಿದ್ದವರು ಹಿರೋಕೊ ಒಕುಡಾ ಎಂಬ ಯುವ ಉದ್ಯೋಗಿ. ಜಮೈಕಾದ ಡ್ಯಾನ್ಸ್‌ಹಾಲ್ ಸಂಗೀತ ಕಂಪ್ಯೂಟರ್ ಯುಗಕ್ಕೆ ಹೊರಳಿದ್ದು ಆ ಹಾಡಿನಿಂದ ಎನ್ನುತ್ತಾರೆ. ಹಿಪ್ ಹಾಪ್ ಕೂಡ ಇದೇ ಸ್ವಭಾವದ ಕಲೆ. ಕೈಗೆ ಸಿಕ್ಕ ಯಾವುದೋ ತುಣುಕು, ಯಾರದೋ ರೆಕಾರ್ಡಿನ ನಾಲ್ಕು ಮಾತ್ರೆ, ಅದನ್ನೇ ಸುತ್ತಿ ಸುತ್ತಿ ನೆಲ ಮಾಡಿಕೊಂಡು, ಅದರ ಮೇಲೆ ನಿಂತು ಮಾತಾಡುವುದು.

ಆದರೆ ಈ ಹಾಡನ್ನು ಮಾಡಿದವರು ಹಿಪ್ ಹಾಪ್ ಲೋಕದವರಲ್ಲ. ಆಲ್ಬರ್ನ್ ‘ಬ್ಲರ್’ ಎಂಬ ರಾಕ್ ತಂಡದ ಗಾಯಕ. 1995ರ ಆಗಸ್ಟಿನಲ್ಲಿ ಬ್ಲರ್ ಮತ್ತು ಓಯಸಿಸ್ ತಂಡಗಳು ಒಂದೇ ವಾರ ಒಂದೊಂದು ಹಾಡು ಬಿಟ್ಟು ಪೈಪೋಟಿಗೆ ಇಳಿದಾಗ ಬ್ರಿಟನ್ನಿನ ಪತ್ರಿಕೆಗಳು ಅದನ್ನು ಚುನಾವಣೆಯ ಹಾಗೆ ವರದಿ ಮಾಡಿದ್ದವು. ಆ ವಾರ ಬ್ಲರ್ ಗೆದ್ದಿತು, ಸುಮಾರು 2,74,000 ಪ್ರತಿ ಮಾರಿ. ಗೆದ್ದವನ ಮುಖ ಎಲ್ಲ ಪುಟಗಳಲ್ಲೂ ಅಂಟಿಕೊಂಡಿತು. ಮುಂದಿನ ಕೆಲವು ವರ್ಷ ಆ ಮುಖವೇ ಅವನಿಗೆ ಹೊರೆಯಾಯಿತು ಎಂದು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ.

ಇನ್ನೊಬ್ಬ ಜೇಮಿ ಹ್ಯೂಲೆಟ್. ಆತ ಕಾಮಿಕ್ಸ್ ಕಲಾವಿದ. 1988ರಲ್ಲಿ ‘ಡೆಡ್‌ಲೈನ್’ ಎಂಬ ಪತ್ರಿಕೆಯಲ್ಲಿ, ಗೆಳೆಯ ಅಲನ್ ಮಾರ್ಟಿನ್ ಜೊತೆಗೂಡಿ ‘ಟ್ಯಾಂಕ್ ಗರ್ಲ್’ ಎಂಬ ಪಾತ್ರ ಶುರು ಮಾಡಿದವನು. ಯುದ್ಧಟ್ಯಾಂಕನ್ನೇ ಮನೆ ಮಾಡಿಕೊಂಡು ಸಿಕ್ಕಿದವರಿಗೆಲ್ಲ ಉಡಾಫೆ ಹೊಡೆಯುವ ಹುಡುಗಿ ಅವಳು. 1995ರಲ್ಲಿ ಹಾಲಿವುಡ್ ಅವಳನ್ನು ಸಿನಿಮಾ ಮಾಡಿ ಕೈ ಸುಟ್ಟುಕೊಂಡಿತು. 1990ರ ದಶಕದ ಕೊನೆಯಲ್ಲಿ ಈ ಇಬ್ಬರೂ ಲಂಡನ್ನಿನ ವೆಸ್ಟ್‌ಬೋರ್ನ್ ಗ್ರೋವ್ ಪ್ರದೇಶದ ಒಂದೇ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದರು. ಸಂಜೆಯ ಹೊತ್ತು ಎಂಟಿವಿ ಹಾಕಿಕೊಂಡು ಕೂರುವುದು, ಅಲ್ಲಿ ಬರುವ ತಂಡಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದು, ಬೈಯುವುದು. ತಯಾರಿಸಿದ ತಂಡಗಳೇ ಬೇಕು ಎಂದಾದರೆ ಪೂರ್ತಿ ತಯಾರಿಸಿಬಿಡೋಣ, ಮನುಷ್ಯರೇ ಬೇಡ ಎಂಬ ಯೋಚನೆ ಆ ಬೈಗುಳದಿಂದ ಹುಟ್ಟಿದ್ದು, 1998ರಲ್ಲಿ.

ಚಿತ್ರದ ತಂಡ ಹೊಸ ಕಲ್ಪನೆಯಲ್ಲ. 1969ರಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿದ ‘ಶುಗರ್ ಶುಗರ್’ ಹಾಡಿದ್ದು ಆರ್ಚೀಸ್ ಎಂಬ ಕಾಮಿಕ್ಸ್ ತಂಡ. ಆದರೆ ಅಲ್ಲಿ ಚಿತ್ರಗಳ ಕೆಲಸ ಹಾಡನ್ನು ಮಾರುವುದಷ್ಟೇ. ಆರ್ಚಿಯ ಮುಖಕ್ಕೂ ಹಾಡಿನ ದನಿಗೂ ಸಂಬಂಧ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಗೊರಿಲ್ಲಾಸ್ ಬೇರೆಯಾಗುವುದು ಇಲ್ಲಿಯೇ. ಹಾಡು ತಯಾರಾಗುವಾಗ ಎಲ್ಲೆಲ್ಲಿ ಪ್ರಶ್ನೆಯೊಂದು ಉಳಿಯಿತೋ, ಈ ದನಿ ಯಾರದು, ಇದೇಕೆ ಹೀಗಿದೆ, ಇವನು ಎಲ್ಲಿಂದ ಬಂದ ಎಂದು, ಅಲ್ಲೆಲ್ಲ ಹ್ಯೂಲೆಟ್‌ನ ಪೆನ್ಸಿಲ್ ಉತ್ತರ ಬರೆಯಿತು. ಈ ಹಾಡು ಅದಕ್ಕೆ ಸಿಗುವ ಅತ್ಯುತ್ತಮ ಉದಾಹರಣೆ.

ಪಾತ್ರಗಳನ್ನೇ ನೋಡಿ. ಹಾಡುವವನು 2-ಡಿ. ಆಲ್ಬರ್ನ್ ಈ ಹಾಡಿನಲ್ಲಿ ಅರೆನಿದ್ದೆಯಲ್ಲಿರುವವನ ಹಾಗೆ, ಪದಗಳನ್ನು ಪೂರ್ತಿ ಉಚ್ಚರಿಸುವ ಶ್ರಮವನ್ನೂ ತೆಗೆದುಕೊಳ್ಳದೆ ಹಾಡುತ್ತಾನೆ. ಹಾಗೆ ಹಾಡುವವನು ಹೇಗಿರಬೇಕು? ತೆಳ್ಳಗೆ, ಉದ್ದಕ್ಕೆ, ನೀಲಿ ಕೂದಲು, ಪಾಪೆ ಕಾಣದ ಗುಳಿಯಂಥ ಕಣ್ಣು. ಮುರ್ಡಾಕ್ ಎಂಬ ದುಷ್ಟ ಬೇಸ್ ವಾದಕ ತನ್ನ ಕಾರನ್ನು ವಾದ್ಯದಂಗಡಿಯೊಳಕ್ಕೆ ನುಗ್ಗಿಸಿದಾಗ ಅಲ್ಲಿ ಕೆಲಸಕ್ಕಿದ್ದ ಈ ಹುಡುಗನ ಕಣ್ಣಿಗೆ ಏಟು ಬಿತ್ತು ಎಂಬುದು ಕಥೆ. ಗಿಟಾರಿಗೆ ನೂಡಲ್, ಜಪಾನಿನಿಂದ ಕೊರಿಯರ್ ಪೆಟ್ಟಿಗೆಯಲ್ಲಿ ಬಂದಿಳಿದ ಹತ್ತು ವರ್ಷದ ಹುಡುಗಿ. ಡ್ರಮ್ಮಿಗೆ ರಸೆಲ್, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಭಾರೀ ಗಾತ್ರದ ಆಸಾಮಿ. ಗುಂಡಿನ ದಾಳಿಯಲ್ಲಿ ಸತ್ತ ಗೆಳೆಯರ ಆತ್ಮಗಳು ಅವನ ಮೈಮೇಲೆ ಬರುತ್ತವೆ. ರಸೆಲ್‌ನ ಈ ದೆವ್ವದ ವಿಷಯವನ್ನು ಕೇಳುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಇವರು ಮಾತಾಡುವಾಗ ಬರುವ ದನಿ, ಹಾಡುವಾಗ ಬರುವ ದನಿ ಬೇರೆ ಬೇರೆ. ಮುರ್ಡಾಕ್‌ನ ಮಾತಿಗೆ ಫಿಲ್ ಕಾರ್ನ್‌ವೆಲ್ ಎಂಬ ಹಾಸ್ಯನಟ, 2-ಡಿಯ ಮಾತಿಗೆ ನೆಲ್ಸನ್ ಡಿ ಫ್ರೇಟಸ್, ರಸೆಲ್‌ಗೆ ರೆಮಿ ಕಬಾಕಾ. ಈ ಕಬಾಕಾ ನಿಜಜೀವನದಲ್ಲೂ ತಾಳವಾದ್ಯಗಾರ, ಮುಂದೆ ತಂಡದ ನಿರ್ಮಾಪಕನೂ ಆದ. ಪತ್ರಕರ್ತರು ಸಂದರ್ಶನಕ್ಕೆ ಬಂದರೆ ಉತ್ತರ ಕೊಡುತ್ತಿದ್ದದ್ದು ಪಾತ್ರಗಳು. ಇದನ್ನು ಕೇಳಿ ಇಂಗ್ಲಿಷ್ ವಿಮರ್ಶಕರು ಬೆರಗಾದರು. ಪಿ.ಬಿ. ಶ್ರೀನಿವಾಸ್ ಕಂಠವನ್ನು ರಾಜ್‌ಕುಮಾರ್ ತುಟಿಯ ಮೇಲೆ ಕಂಡು, ಅದು ರಾಜ್ ದನಿಯೇ ಎಂದು ವರ್ಷಗಟ್ಟಲೆ ಮನಸಾರೆ ಒಪ್ಪಿದ್ದ ಕನ್ನಡಿಗರಿಗೆ ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. 1974ರ ‘ಸಂಪತ್ತಿಗೆ ಸವಾಲ್’ನಿಂದಾಚೆ ರಾಜ್ ತಾವೇ ಹಾಡತೊಡಗಿದಾಗ ನಮ್ಮವರಿಗೆ ಒಂದು ಗಳಿಗೆ ಆಶ್ಚರ್ಯವಾದದ್ದು, ದನಿಯೂ ದೇಹವೂ ಒಂದೇ ಆಗಿಬಿಟ್ಟಿತಲ್ಲ ಎಂದೇ ಇರಬೇಕು.

ಹಾಡಿನ ಕಟ್ಟುವಿಕೆಗೆ ಬರೋಣ. ತಾಳದ ಮೇಲೆ ಒಂದು ಬೇಸ್ ಸುತ್ತು, ಅದರ ಮೇಲೆ ಮೆಲೋಡಿಕಾ. ಮೆಲೋಡಿಕಾ ಎಂದರೆ ಹಾರ್ಮೋನಿಯಂ ಮನೆಗಳಿರುವ, ಬಾಯಿಂದ ಊದುವ ಪುಟ್ಟ ವಾದ್ಯ. ಯುರೋಪಿನ ಶಾಲಾಮಕ್ಕಳ ಕೈಯಲ್ಲಿದ್ದ ಅದಕ್ಕೆ ಗಂಭೀರ ಸಂಗೀತದ ಮರ್ಯಾದೆ ತಂದುಕೊಟ್ಟವನು 1970ರ ದಶಕದ ಜಮೈಕಾದ ಆಗಸ್ಟಸ್ ಪ್ಯಾಬ್ಲೊ. ಆಲ್ಬರ್ನ್ ಕೂಡ ಅದನ್ನು ಎತ್ತಿಕೊಂಡ. ಅವನು ಊದಿದ ಸ್ವರಗಳು ಒಣ ಬಯಲಿನಲ್ಲಿ ಒಬ್ಬನೇ ಕುದುರೆ ಸವಾರ ಬರುವಾಗಿನ ಸಂಗೀತದಂತೆ ಕೇಳಿದವು. 1966ರ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ ಚಿತ್ರಕ್ಕೆ ಎನ್ನಿಯೊ ಮೊರಿಕೋನೆ ಕೊಟ್ಟ ಸಂಗೀತದ ನೆರಳು ಅದರಲ್ಲಿತ್ತು. ಹಾಡಿಗೆ ಹೆಸರು ಬಂದದ್ದು ಅಲ್ಲಿಂದ. ಆ ಚಿತ್ರದ ನಾಯಕನಟ ಕ್ಲಿಂಟ್ ಈಸ್ಟ್‌ವುಡ್‌ನ ಹೆಸರು ಹಾಡಿನ ಸಾಹಿತ್ಯದಲ್ಲಿ ಒಂದು ಕಡೆಯೂ ಬರುವುದಿಲ್ಲ! ಸರ್ಜಿಯೊ ಲಿಯೋನೆಯ ಆ ಕುದುರೆ, ಟೋಪಿ, ಚುರುಟುಗಳ ಲೋಕ ಎಲ್ಲೆಲ್ಲಿಗೆ ಹೋಯಿತು ಎಂದರೆ 1973ರಲ್ಲಿ ದ್ವಾರಕೀಶ್ ಅವರ ‘ಕೌಬಾಯ್ ಕುಳ್ಳ’ ಆಗಿ ನಮ್ಮ ಟೂರಿಂಗ್ ಟಾಕೀಸುಗಳಿಗೂ ಬಂತು. ಇಪ್ಪತ್ತೆಂಟು ವರ್ಷದ ಮೇಲೆ ಲಂಡನ್ನಿನಲ್ಲಿ ಅದೇ ಗುಂಗು ಹಿಪ್ ಹಾಪ್ ವೇಷದಲ್ಲಿ ಮರಳಿತು.

ಈ ಹಾಡಿರುವ ಆಲ್ಬಮ್ಮಿನ ಕೆಲಸ ನಡೆದದ್ದು ಲಂಡನ್ನಿನ ಸ್ಟುಡಿಯೊ 13ರಲ್ಲಿ ಮತ್ತು ಜಮೈಕಾದ ಜೀಜಾಮ್ ಸ್ಟುಡಿಯೊದಲ್ಲಿ. ನಿರ್ಮಾಪಕನಾಗಿ ಬಂದವನು ಸ್ಯಾನ್ ಫ್ರಾನ್ಸಿಸ್ಕೊದ ಡ್ಯಾನ್ ನಕಮುರಾ, ‘ಡ್ಯಾನ್ ದ ಆಟೊಮೇಟರ್’ ಎಂದೇ ಪ್ರಸಿದ್ಧ. ಇವನಿಗೆ ನಮ್ಮ ಕಡೆಯ ನಂಟೂ ಇತ್ತು: ಕಲ್ಯಾಣ್‌ಜಿ–ಆನಂದ್‌ಜಿ ಜೋಡಿಯ ಹಿಂದಿ ಸಿನಿಮಾ ಸಂಗೀತವನ್ನು ತುಂಡು ಮಾಡಿ, ತಾಳ ಸೇರಿಸಿ ‘ಬಾಂಬೆ ದ ಹಾರ್ಡ್ ವೇ’ ಎಂಬ ಆಲ್ಬಮ್ ಮಾಡಿದ್ದವನು ಇವನೇ. ಎಲ್ಲಿಯ ಸರಕನ್ನಾದರೂ ತಂದು ಒಂದೇ ಮನೆಯಲ್ಲಿ ಬಾಳುವಂತೆ ಮಾಡುವುದು ಅವನ ಕಸುಬು. ಸಿದ್ಧ ತಾಳವೊಂದು ಸಿದ್ಧ ತಾಳದಂತೆ ಕೇಳಿಸದೇ ಹೋದದ್ದರಲ್ಲಿ ಅವನ ಕೈವಾಡ ದೊಡ್ಡದು.

ಈಗ ಮುಖ್ಯ ಪ್ರಶ್ನೆ. ಹಾಡಿನ ಮಧ್ಯೆ ರ‍್ಯಾಪ್ ಬೇಕು. ಮೊದಲು ಅದನ್ನು ಮಾಡಿದವರು ಲೂಟನ್ ಪಟ್ಟಣದ ಫಿ ಲೈಫ್ ಸೈಫರ್ ಎಂಬ ಬ್ರಿಟಿಷ್ ತಂಡ. ಅವರ ಚರಣಗಳು ವೇಗದವು, ಪದದ ಮೇಲೆ ಪದ ಬೀಳುವಂಥವು, ಬ್ರಿಟಿಷ್ ಬೀದಿಯ ಉಚ್ಚಾರಣೆಯವು. ಹಾಡು ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಆದರೆ ಆ ಹೊತ್ತಿಗೆ ಡ್ಯಾನ್ ಇನ್ನೊಂದು ಆಲ್ಬಮ್ ಮುಗಿಸುತ್ತಿದ್ದ. ಅದರ ಹೆಸರು ‘ಡೆಲ್ಟ್ರಾನ್ 3030’. ಕ್ರಿ.ಶ. 3030ರಲ್ಲಿ ನಡೆಯುವ ಕಥೆಯನ್ನು ರ‍್ಯಾಪ್‌ನಲ್ಲಿ ಹೇಳುವ ಆಲ್ಬಮ್ ಅದು. ಅದರ ರ‍್ಯಾಪರ್ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನ ಡೆಲ್ ದ ಫಂಕಿ ಹೋಮೋಸೇಪಿಯನ್. ಖ್ಯಾತ ರ‍್ಯಾಪರ್ ಐಸ್ ಕ್ಯೂಬ್‌ಗೆ ಸೋದರ ಸಂಬಂಧಿ, ಆದರೆ ದಾರಿ ಬೇರೆ. ಐಸ್ ಕ್ಯೂಬ್‌ನದು ಸಿಟ್ಟಿನ ಕೇರಿಯ ಕಥನವಾದರೆ ಡೆಲ್‌ನದು ತುಂಟತನ, ವಿಜ್ಞಾನಕಥೆ, ವಿಡಿಯೊ ಗೇಮು, ಒಳಪ್ರಾಸಗಳ ಕಸೂತಿ. ಆ ಆಲ್ಬಮ್ಮಿನಲ್ಲಿ ಆಲ್ಬರ್ನ್ ಕೂಡ ಒಂದು ಹಾಡಿಗೆ ದನಿ ಕೊಟ್ಟಿದ್ದ. ಹೀಗೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗಿ ಬರುವ ಬಳಕೆ ಇತ್ತು. ಈ ಹಾಡಿಗೂ ಒಂದೆರಡು ಚರಣ ಬರೆದುಕೊಡು ಎಂದ ಡ್ಯಾನ್. ಡೆಲ್ ಬರೆದ.

ಬರೆದದ್ದರ ಹಿಂದೆ ಒಂದು ತಮಾಷೆಯ ಕಥೆಯಿದೆ. ಜನಪ್ರಿಯ ಹಾಡು ಬರೆಯುವುದು ಹೇಗೆ ಎಂದು ಕಲಿಸುವ ಕೈಪಿಡಿಯೊಂದನ್ನು ಡೆಲ್ ಆಗ ಕೊಂಡು ಓದಿದ್ದ. ಅದರಲ್ಲಿ ಹೇಳಿದ್ದು ನಿಜವೋ ನೋಡೇಬಿಡೋಣ ಎಂದು ಅದರ ಸೂತ್ರಗಳನ್ನು ಈ ಚರಣಗಳ ಮೇಲೆ ಪ್ರಯೋಗ ಮಾಡಿದೆ ಎಂದು ಆತನೇ ಮುಂದೆ ಹೇಳಿಕೊಂಡ. ಭೂಗತ ಹಿಪ್ ಹಾಪ್‌ನ ಅತಿ ಜಾಣ ಕವಿಗಳಲ್ಲಿ ಒಬ್ಬ ಎನಿಸಿಕೊಂಡವನು ಅಂಗಡಿಯ ಮಾರ್ಗದರ್ಶಿ ಹಿಡಿದು ಬರೆದದ್ದೇ ಅವನ ಬದುಕಿನ ಅತ್ಯಂತ ಜನಪ್ರಿಯ ರಚನೆಯಾಯಿತು. ಹಾಡಿಗೆ ಬಂದ ಪ್ಲಾಟಿನಂ ಫಲಕವನ್ನು ಅಮ್ಮನಿಗೆ ಕೊಟ್ಟನಂತೆ. ಆದರೆ ಆ ಚರಣಗಳನ್ನು ಕೈಪಿಡಿಯ ಫಲ ಎಂದು ತಳ್ಳಿಹಾಕಲಾಗದು. ಬಂಧನದಿಂದ ಆಗತಾನೇ ಬಿಡುಗಡೆಯಾದವನೊಬ್ಬ, ಕಾಣದ ಕಡೆ ನಿಂತು, ಈ ತಾಳದೊಳಗೆ ಜೀವವಾಗಿ ಇರುವವನು ನಾನೇ ಎಂದು ಕೇಳುಗನಿಗೆ ಹೇಳುವ ಧಾಟಿ ಅದರಲ್ಲಿದೆ. ಸಾವಧಾನದ ನಡೆ, ಪ್ರತಿ ಪದವೂ ಕಿವಿಗೆ ನಿಚ್ಚಳ. ಫಿ ಲೈಫ್ ಸೈಫರ್‌ನ ಓಟದ ಎದುರು ಇದು ನಡಿಗೆ. ಆಲ್ಬರ್ನ್‌ನ ತೂಕಡಿಕೆಯ ಪಲ್ಲವಿಯ ಪಕ್ಕದಲ್ಲಿ ನಿಲ್ಲಬಲ್ಲದ್ದು ಈ ನಡಿಗೆಯೇ. ಬದಲಾವಣೆ ಸರಿಯಾಗಿತ್ತು ಎಂದು ಹೇಳಲು ಎರಡನ್ನೂ ಒಂದಾದ ಮೇಲೆ ಒಂದು ಕೇಳಿದರೆ ಸಾಕು. ಮೊದಲಿನದು ಕಸದ ಬುಟ್ಟಿಗೇನೂ ಹೋಗಲಿಲ್ಲ, ‘ಜಿ-ಸೈಡ್ಸ್’ ಎಂಬ ಸಂಕಲನದಲ್ಲಿ ಇದೆ.

ಹಾಡು ಸರಿಹೋಯಿತು, ಚಿತ್ರ ಕೆಟ್ಟಿತು. ತಂಡದಲ್ಲಿರುವುದು ನಾಲ್ಕೇ ಜನ. ಅವರಲ್ಲಿ ರ‍್ಯಾಪರ್ ಇಲ್ಲ. ಹಾಗಾದರೆ ಈ ಕರಿಯ ಅಮೆರಿಕನ್ ದನಿ ಯಾರ ಬಾಯಿಂದ ಬರಬೇಕು? ಐದನೆಯವನನ್ನು ಸೇರಿಸಿದರೆ ತಂಡದ ಆಕಾರ ಕೆಡುತ್ತದೆ. 2-ಡಿಯ ಬಾಯಿಗೆ ಹಾಕಿದರೆ ಯಾರೂ ನಂಬುವುದಿಲ್ಲ. ಈಗ ರಸೆಲ್‌ನ ದೆವ್ವ ಕೆಲಸಕ್ಕೆ ಬಂತು. ಸತ್ತುಹೋದ ಗೆಳೆಯರಲ್ಲಿ ಒಬ್ಬ ರ‍್ಯಾಪರ್, ಅವನ ಹೆಸರೂ ಡೆಲ್. ಡ್ರಮ್ಮರನ ತಲೆಯೊಳಗೆ ಮನೆ ಮಾಡಿಕೊಂಡಿದ್ದಾನೆ. ತಾಳ ಏರಿದಾಗ ನೆತ್ತಿಯಿಂದ ನೀಲಿ ಹೊಗೆಯ ಹಾಗೆ ಎದ್ದು ಬಂದು, ಎರಡು ಮಾತಾಡಿ, ಮತ್ತೆ ಒಳಗೆ ಹೋಗುತ್ತಾನೆ. ಸ್ಟುಡಿಯೊದಲ್ಲಿ ಆ ದನಿ ಇದ್ದದ್ದೂ ಹಾಗೆಯೇ ತಾನೇ? ಹೊರಗಿನಿಂದ ಬಂದ, ಚರಣ ಹೇಳಿದ, ಹೋದ. ರ‍್ಯಾಪ್ ಎಂಬುದು ತಾಳದ ಒಳಗಿಂದಲೇ ಹುಟ್ಟುವ ಮಾತು ಎಂದು ಹಿಪ್ ಹಾಪ್‌ನವರು ಹೇಳುವುದನ್ನು ಇದಕ್ಕಿಂತ ಅಕ್ಷರಶಃ ಯಾರೂ ಬರೆದು ತೋರಿಸಿಲ್ಲ.

ವಿಡಿಯೊವನ್ನು ನಿರ್ದೇಶಿಸಿದವರು ಹ್ಯೂಲೆಟ್ ಮತ್ತು ಪೀಟ್ ಕ್ಯಾಂಡೆಲ್ಯಾಂಡ್. ಅನಿಮೇಷನ್ ಮಾಡಿದ್ದು 1987ರಲ್ಲಿ ಲಂಡನ್ನಿನಲ್ಲಿ ಶುರುವಾದ ಪ್ಯಾಷನ್ ಪಿಕ್ಚರ್ಸ್. ಇಂಥ ವಿಡಿಯೊ ಹುಟ್ಟುವ ಕ್ರಮ ಸಿನಿಮಾದ್ದಕ್ಕಿಂತ ತಲೆಕೆಳಗು. ಸಿನಿಮಾದಲ್ಲಿ ಚಿತ್ರ ಮೊದಲು, ಹಿನ್ನೆಲೆ ಸಂಗೀತ ಆಮೇಲೆ. ಇಲ್ಲಿ ಹಾಡು ಪೂರ್ತಿ ಮುಗಿದು ಕೈಗೆ ಬಂದ ಮೇಲೆಯೇ ಪೆನ್ಸಿಲ್ ಎತ್ತಬೇಕು. ಮೊದಲು ಸ್ಟೋರಿಬೋರ್ಡ್, ಅಂದರೆ ದೃಶ್ಯಕ್ಕೊಂದು ಚೌಕದ ಚಿತ್ರ. ಆ ಚೌಕಗಳನ್ನು ಹಾಡಿನ ಜೊತೆ ಓಡಿಸಿದರೆ ಅನಿಮ್ಯಾಟಿಕ್. ಆಮೇಲೆ ಹಾಡನ್ನು ಕತ್ತರಿಸುವ ಕೆಲಸ. ಕತ್ತರಿ ಇಲ್ಲದೆ, ಕಿವಿಯಿಂದ.

ಇದಕ್ಕೆ ಸ್ವಲ್ಪ ಲೆಕ್ಕ ಬೇಕಾಗುತ್ತದೆ, ರೇಡಿಯೊದಲ್ಲಿ ಲೆಕ್ಕ ಹೇಳುವುದಕ್ಕೆ ಕೇಳುಗರು ಮನ್ನಿಸಬೇಕು. ನಿಮಿಷಕ್ಕೆ 90 ಬಡಿತದ ಹಾಡೊಂದನ್ನು ತೆಗೆದುಕೊಳ್ಳಿ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ, ಅಂದರೆ ಒಂದು ಬಡಿತಕ್ಕೆ ಸರಿಯಾಗಿ 16. ಡ್ರಮ್ಮರನ ಕೈ ಎಂಟು ಚೌಕಟ್ಟು ಮೇಲೆ, ಎಂಟು ಕೆಳಗೆ, ಕಣ್ಣು ಮುಚ್ಚಿ ಬರೆಯಬಹುದು. ಬ್ರಿಟನ್ನಿನ ಟಿವಿಗೆ ಸೆಕೆಂಡಿಗೆ 25. ಆಗ ಅದೇ ಬಡಿತಕ್ಕೆ ಹದಿನಾರೂ ಚಿಲ್ಲರೆ. ಆ ಚಿಲ್ಲರೆಯನ್ನು ಎಲ್ಲೋ ಒಂದು ಕಡೆ ಹೊಂದಿಸಿಕೊಳ್ಳದಿದ್ದರೆ ಹತ್ತಾರು ಬಡಿತ ಕಳೆಯುವಷ್ಟರಲ್ಲಿ ಕೋಲು ಒಂದು ಕಡೆ, ಸದ್ದು ಒಂದು ಕಡೆ. ನಾಲ್ಕು ನಿಮಿಷದ ವಿಡಿಯೊಗೆ 6,000 ಚೌಕಟ್ಟು. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸುವ ಉಳಿತಾಯದ ಪದ್ಧತಿ ಹಿಡಿದರೂ ಒಂದೊಂದು ಪಾತ್ರಕ್ಕೆ 3,000 ಚಿತ್ರ. ಪರದೆಯ ಮೇಲೆ ನಾಲ್ಕು ಜನ, ಜೊತೆಗೊಂದು ದೆವ್ವ.

ಬಾಯಿಯ ಕಷ್ಟ ಇನ್ನೂ ಸೂಕ್ಷ್ಮ. ಹಾಡಿನ ಪ್ರತಿ ಉಲಿಯೂ ಎಷ್ಟನೆಯ ಚೌಕಟ್ಟಿನಲ್ಲಿ ಬೀಳುತ್ತದೆ ಎಂದು ಉದ್ದನೆಯ ಹಾಳೆಯಲ್ಲಿ ಗುರುತು ಹಾಕುತ್ತಾರೆ. ಕಸುಬಿನವರು ಅದನ್ನು ಡೋಪ್ ಶೀಟ್ ಎನ್ನುತ್ತಾರೆ. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ಅದೊಂದು ತಪ್ಪಿದರೆ ನೋಡುವವನ ನಂಬಿಕೆ ತಪ್ಪುತ್ತದೆ, ಉಳಿದದ್ದು ಅಷ್ಟಿಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ನಮ್ಮ ವರ್ಣಮಾಲೆಯಲ್ಲಿ ಓಷ್ಠ್ಯಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದ ವೈಯಾಕರಣಿಗಳಿಗೆ ಅನಿಮೇಟರ್‌ನ ಕೆಲಸ ಚೆನ್ನಾಗಿ ಒಗ್ಗುತ್ತಿತ್ತು. ಇನ್ನು ರ‍್ಯಾಪ್‌ನಲ್ಲಿ ಸೆಕೆಂಡಿಗೆ ಐದು ಅಕ್ಷರ ಬಂದರೆ ಅಕ್ಷರಕ್ಕೆ ಸಿಗುವುದು ಐದೇ ಚೌಕಟ್ಟು. ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮುಂದಿನ ಅಕ್ಷರ ಬಾಗಿಲಲ್ಲಿ ನಿಂತಿರುತ್ತದೆ. 2-ಡಿಯ ಪಲ್ಲವಿಗೆ ಈ ತಲೆನೋವಿಲ್ಲ. ಅವನ ಸ್ವರಗಳು ಉದ್ದ, ಬಾಯಿ ಅರ್ಧ ತೆರೆದೇ ಇರುತ್ತದೆ, ಕಣ್ಣಿಗೆ ಪಾಪೆಯೂ ಇಲ್ಲದ್ದರಿಂದ ದೃಷ್ಟಿ ಎತ್ತ ಎಂದು ಬರೆಯುವ ಗೊಡವೆಯೂ ಇಲ್ಲ. ಸೋಮಾರಿ ಗಾಯಕನನ್ನು ಚಿತ್ರಿಸುವುದು ಎಲ್ಲ ರೀತಿಯಲ್ಲೂ ಅಗ್ಗ.

ಚಿತ್ರವನ್ನು ಕಿವಿಗೆ ಹೇಳಬೇಕಾದ್ದರಿಂದ ಕೇಳುಗರು ಊಹಿಸಿಕೊಳ್ಳಲಿ. ಶುರುವಿಗೆ ಕಪ್ಪು ಪರದೆ, ಜಾರ್ಜ್ ರೊಮೆರೊನ 1978ರ ಚಿತ್ರ ‘ಡಾನ್ ಆಫ್ ದ ಡೆಡ್’ನಿಂದ ತೆಗೆದ, ಸತ್ತವರು ಎದ್ದು ಬರುವ ಬಗೆಗಿನ ಒಂದು ಮಾತು. ಹ್ಯೂಲೆಟ್‌ನ ಸ್ಟುಡಿಯೊದ ಹೆಸರೇ ‘ಜಾಂಬಿ ಫ್ಲೆಶ್ ಈಟರ್ಸ್’, ಅದೂ ಇಟಲಿಯ ಹೆಣಭೂತದ ಸಿನಿಮಾವೊಂದರಿಂದ ಎರವಲು. ಆಮೇಲೆ ಬಿಳಿ. ಹಿನ್ನೆಲೆಯಿಲ್ಲ, ಗೋಡೆಯಿಲ್ಲ, ನೆಲವೂ ಇಲ್ಲ. ಆ ಶೂನ್ಯದಲ್ಲಿ ನಾಲ್ವರು ನಿಂತು ನುಡಿಸುತ್ತಾರೆ. ಈ ಬಿಳಿಗೆ ಕಾರಣ ಖರ್ಚೋ ಧೈರ್ಯವೋ, ಪರಿಣಾಮ ಮಾತ್ರ ಒಂದೇ: ಮೊದಲ ಸಲ ನೋಡುವವನಿಗೆ ಈ ನಾಲ್ವರನ್ನು ಬಿಟ್ಟು ಬೇರೆಲ್ಲೂ ಕಣ್ಣು ಹೋಗುವುದಿಲ್ಲ. ರಸೆಲ್‌ನ ನೆತ್ತಿಯಿಂದ ಡೆಲ್ ಏಳುತ್ತಾನೆ. ಆಕಾಶ ಕಪ್ಪಾಗಿ ಗುಡುಗುತ್ತದೆ, ಬಿಳಿಯಿದ್ದಲ್ಲಿ ಸ್ಮಶಾನ ಹರಡಿಕೊಳ್ಳುತ್ತದೆ, ಗೋರಿಗಳಿಂದ ಗೊರಿಲ್ಲಾಗಳ ಕೈಗಳು ಮೇಲೆ ಬರುತ್ತವೆ. ಎದ್ದ ಹೆಣಗೊರಿಲ್ಲಾಗಳು ಸಾಲಾಗಿ ನಿಂತು ಕುಣಿಯುತ್ತವೆ; ಜಾನ್ ಲ್ಯಾಂಡಿಸ್ ನಿರ್ದೇಶಿಸಿದ, 1983ರ ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ಗೆ ಅದು ನೇರ ನಮಸ್ಕಾರ. ಒಂದು ಗೊರಿಲ್ಲಾ ಮುರ್ಡಾಕ್‌ನನ್ನು ಹಿಡಿಯಬಾರದ ಕಡೆ ಹಿಡಿಯುತ್ತದೆ. ಹತ್ತು ವರ್ಷದ ನೂಡಲ್ ಗಾಳಿಯಲ್ಲಿ ಹಾರಿ ಒದ್ದು ಲೆಕ್ಕ ಚುಕ್ತಾ ಮಾಡುತ್ತಾಳೆ. ಭಯವೂ ನಗುವೂ ಒಂದೇ ಬೋಗುಣಿಯಲ್ಲಿ. ದುಃಖದ ಪಲ್ಲವಿಯ ಹಾಡಿಗೆ ಇಂಥ ಚಿತ್ರ ಕೂಡಿಸುವ ಧೈರ್ಯ ಕಾಮಿಕ್ಸ್‌ನವನಿಗೇ ಬರಬೇಕು.

ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಅಮೆರಿಕದ ಮುಖ್ಯ ಪಟ್ಟಿಯಲ್ಲಿ 57ರಲ್ಲೇ ನಿಂತರೂ ಅಲ್ಲಿನ ಮಾಡರ್ನ್ ರಾಕ್ ಪಟ್ಟಿಯಲ್ಲಿ 3ನೆಯದಾಯಿತು. ರ‍್ಯಾಪ್ ಇರುವ ಹಾಡನ್ನು ಮೆರೆಸಿದ್ದು ರಾಕ್ ಕೇಳುಗರು ಎಂಬುದು ಗಮನಿಸಬೇಕಾದ್ದು. ಮಾರ್ಚ್ 26ಕ್ಕೆ ಬಂದ ಆಲ್ಬಮ್ 70 ಲಕ್ಷದ ಆಸುಪಾಸು ಮಾರಾಟವಾಯಿತು, ಜಗತ್ತಿನ ಅತ್ಯಂತ ಯಶಸ್ವಿ ಕಾಲ್ಪನಿಕ ತಂಡವೆಂದು ಗೊರಿಲ್ಲಾಸ್ ಗಿನ್ನೆಸ್ ಪುಸ್ತಕವನ್ನೂ ಸೇರಿತು. ಮರ್ಕ್ಯುರಿ ಪ್ರಶಸ್ತಿಗೆ ಹೆಸರು ಬಂದಾಗ ತಂಡ ಬೇಡವೆಂದು ಹಿಂದೆ ಸರಿಯಿತು. ಆಲ್ಬಮ್ಮಿಗೆ ನಾಲ್ಕು ದಿನ ಮುಂಚೆ, ಮಾರ್ಚ್ 22ರಂದು ಲಂಡನ್ನಿನ ಸ್ಕಾಲಾ ಸಭಾಂಗಣದಲ್ಲಿ ಮೊದಲ ಕಛೇರಿ. ನಿಜವಾದ ವಾದಕರು ದೊಡ್ಡ ಪರದೆಯ ಹಿಂದೆ, ಅವರ ನೆರಳಷ್ಟೇ ಆಗೀಗ ಕಾಣುವಂತೆ. ಮುಂದೆ ಹ್ಯೂಲೆಟ್‌ನ ಚಿತ್ರಗಳು. ದುಡ್ಡು ಕೊಟ್ಟು ಬಂದವರು ಬ್ಲರ್ ತಂಡದ ಡೇಮನ್‌ನ ಮುಖ ನೋಡಬಹುದೆಂದು ಕತ್ತು ಉದ್ದ ಮಾಡಿದ್ದರೆ ಅದು ವ್ಯರ್ಥ.

ಪರದೆಯ ಹಿಂದೆ ಅಡಗುವುದು ಬೇಸರವಾಗಿ ಮುಂದೆ ಬೇರೆ ಉಪಾಯ ಹುಡುಕಿದರು. 2006ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಗ್ರ್ಯಾಮಿ ಸಮಾರಂಭದಲ್ಲಿ ಪಾತ್ರಗಳೇ ವೇದಿಕೆಯ ಮೇಲೆ ನಿಂತು ನುಡಿಸಿದವು. ಹಾಡು ‘ಫೀಲ್ ಗುಡ್ ಇಂಕ್.’, ಅದಕ್ಕೆ ರ‍್ಯಾಪ್ ಮಾಡಿದ ಡಿ ಲಾ ಸೋಲ್ ತಂಡದವರು ಪಕ್ಕದಲ್ಲಿ ನಿಜದೇಹದಲ್ಲಿ. ಇದನ್ನು ಹೊಲೊಗ್ರಾಂ ಎಂದು ಪತ್ರಿಕೆಗಳು ಬರೆದವು. ಅಸಲಿಗೆ ಅದು 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ನಾಟಕದ ಪ್ರೇಕ್ಷಕರಿಗೆ ದೆವ್ವ ತೋರಿಸಿದ ಉಪಾಯವೇ, ಗಾಜಿನ ಬದಲು ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆ. ಆ ಹಾಳೆಗೆ ಒಂದು ದೌರ್ಬಲ್ಯವಿತ್ತು: ಜೋರು ಸದ್ದಿಗೆ ನಡುಗುತ್ತಿತ್ತು, ನಡುಗಿದರೆ ಮುರ್ಡಾಕ್‌ನೂ ಅಲುಗಾಡುತ್ತಿದ್ದ. ಹಾಗಾಗಿ ಬೇಸ್ ತಗ್ಗಿಸಬೇಕಾಯಿತು. ಬೇಸ್ ಇಲ್ಲದ ಹಿಪ್ ಹಾಪ್! ಅದನ್ನೇ ಊರೂರಿಗೆ ಹೊತ್ತೊಯ್ಯುವ ಯೋಚನೆ ಅಲ್ಲಿಗೆ ಬಿತ್ತು. ಹಾಡಿಗೆ ಪ್ರಶಸ್ತಿಯಂತೂ ಆ ವರ್ಷ ಬಂತು.

ಕೈಬರಹದ ಅನಿಮೇಷನ್ ಹಣ ನುಂಗುತ್ತದೆ ಎಂಬ ಸತ್ಯವೂ ಬೆನ್ನು ಬಿಡಲಿಲ್ಲ. 2010ರ ‘ರೈನ್‌ಸ್ಟೋನ್ ಐಸ್’ ಹಾಡಿನ ವಿಡಿಯೊ ಸ್ಟೋರಿಬೋರ್ಡಿನ ಹಂತ ದಾಟಲೇ ಇಲ್ಲ, ಆ ಪೆನ್ಸಿಲ್ ಚೌಕಗಳನ್ನೇ ಹಾಡಿಗೆ ಹೊಂದಿಸಿ ಬಿಡುಗಡೆ ಮಾಡಿದರು. ಅಮೆರಿಕದಲ್ಲಿ ಕಡಿಮೆ ಖರ್ಚಿನ ದಾರಿಯನ್ನು ಅಷ್ಟರಲ್ಲಿ ಬೇರೆಯವರು ಕಂಡುಕೊಂಡಿದ್ದರು. 2004ರ ಮ್ಯಾಡ್‌ವಿಲನ್ ಜೋಡಿಯ ‘ಆಲ್ ಕ್ಯಾಪ್ಸ್’ಗೆ ಜೇಮ್ಸ್ ರೀಟಾನೊ ಮಾಡಿದ ವಿಡಿಯೊ ಹಳೆಯ ಮಾರ್ವೆಲ್ ಕಾಮಿಕ್ಸ್‌ನ ಪುಟಗಳೇ ಮೈಮುರಿದು ಎದ್ದಂತಿದೆ. ಮುಖವಾಡ ಧರಿಸಿಯೇ ವೇದಿಕೆಗೆ ಬರುತ್ತಿದ್ದ ಅದರ ರ‍್ಯಾಪರ್ ಎಂಎಫ್ ಡೂಮ್‌ಗೆ ತುಟಿ ಹೊಂದಿಸುವ ಕಷ್ಟವೇ ಇರಲಿಲ್ಲ. ಗೊರಿಲ್ಲಾಸ್ ಮಾತ್ರ ಪಾತ್ರಗಳನ್ನು ಬಿಡಲಿಲ್ಲ. ಭಾರತ ಪ್ರವಾಸದ ಬಳಿಕ ಕಟ್ಟಿ, 2025ರಲ್ಲಿ ಘೋಷಿಸಿದ ‘ದ ಮೌಂಟನ್’ ಆಲ್ಬಮ್ಮಿನಲ್ಲಿ ಆಶಾ ಭೋಸ್ಲೆ, ಅನುಷ್ಕಾ ಶಂಕರ್, ಸರೋದಿನ ಅಮಾನ್ ಮತ್ತು ಅಯಾನ್ ಅಲಿ ಬಂಗಾಷ್ ಕೂಡ ಆ ನಾಲ್ವರ ಜೊತೆ ಸೇರಿದ್ದಾರೆ.

ಡೆಲ್ ಏನಾದ? ಕಥೆಯಲ್ಲಿ ಅವನ ಆತ್ಮವನ್ನು ರಸೆಲ್‌ನ ತಲೆಯಿಂದ ಬಿಡಿಸಿ ಕಳಿಸಿಬಿಟ್ಟರು, ಎರಡನೆಯ ಆಲ್ಬಮ್ಮಿನ ಹೊತ್ತಿಗೆ ಬೇರೆ ರ‍್ಯಾಪರ್‌ಗಳು ಬಂದಿದ್ದರು. ಆದರೆ ಈ ಹಾಡು ತಂಡದ ಕಛೇರಿಗಳಿಂದ ಇಳಿಯಲಿಲ್ಲ. ಪರದೆ ತೆಗೆದು ವಾದಕರು ಎದುರಿಗೇ ನಿಂತು ನುಡಿಸುವ ಕಾಲ ಬಂದ ಮೇಲೆ ಡೆಲ್ ಕೂಡ ಆಗಾಗ ಖುದ್ದಾಗಿ ಬಂದು ತನ್ನ ಚರಣ ಹೇಳತೊಡಗಿದ. 2018ರ ಜುಲೈ 7ರಂದು ಡೆನ್ಮಾರ್ಕಿನ ರೊಸ್ಕಿಲ್ಡೆ ಉತ್ಸವದಲ್ಲಿ ಹಾಗೆ ಬಂದಾಗ, ಹಾಡಿನ ನಡುವೆ ಕಾಲು ಜಾರಿ ವೇದಿಕೆಯಿಂದ ಕೆಳಕ್ಕೆ ಬಿದ್ದ. ಕಛೇರಿ ಅಲ್ಲಿಗೇ ನಿಂತಿತು. ಹದಿನೇಳು ವರ್ಷ ಜಗತ್ತಿನ ಕಣ್ಣಿಗೆ ನೀಲಿ ಹೊಗೆಯಾಗಿದ್ದವನನ್ನು ಆಸ್ಪತ್ರೆಗೆ ಸಾಗಿಸಿದರು: ಹಲವು ಪಕ್ಕೆಲುಬು ಮುರಿದಿದ್ದವು, ಶ್ವಾಸಕೋಶಕ್ಕೂ ಪೆಟ್ಟಾಗಿತ್ತು. ಹಾಸಿಗೆಯಿಂದಲೇ ಅಭಿಮಾನಿಗಳಿಗೆ ತಾನು ಬದುಕಿದ್ದೇನೆ ಎಂದು ತಿಳಿಸಿದ.